‘ಕಾಫಿ ಆದ್ಮೇಲೆ ಕೊಡ್ತೀನಿ’ ಅಂದೋರಿಗೆ ಬರೆಯೋ ಕಾಗದ

(ಕೊಡಗಿನ ಗೋಣಿಕೊಪ್ಪದಲ್ಲಿ ಬೆಳೆಗಾರರು, ಅಂಗಡಿಯವರು ಸೇರಿದ್ದ ಒಂದು ಸಭೆಲಿ ಮಾತಾಡಿದ್ದು. ರೆಕಾರ್ಡಿಂಗ್ ಕೇಳಿ ಬರೆದಿದ್ದೀನಿ, ಸ್ವಾಗತ ವಂದನೆ ಎಲ್ಲ ಬಿಟ್ಟಿದ್ದೀನಿ.)

ನನ್ನ ಲಾಯರ್ ಆಫೀಸಿಗೆ ಸಾಲ ವಸೂಲಿ ಅಂತ ಬರೋರು ಸಾಮಾನ್ಯವಾಗಿ ಮಾರ್ಚ್, ಏಪ್ರಿಲ್‌ನಲ್ಲಿ ಬರ್ತಾರೆ. ಯಾಕೆ ಅಂತ ನಿಮ್ಗೆ ಹೇಳ್ಬೇಕಾಗಿಲ್ಲ. ಕಾಫಿ ಕೊಯ್ದು ಒಣಗಿಸಿ ಮಾರಿ ಆಗಿರುತ್ತೆ, ಮೆಣಸೂ ಇಳಿಸಿ ಆಗಿರುತ್ತೆ, ಕೊಡ್ಬೇಕಾದೋನ ಕೈಲಿ ದುಡ್ಡು ಓಡಾಡಿದ್ದು ಊರಿಗೆಲ್ಲ ಗೊತ್ತಿರುತ್ತೆ, ಇವ್ರಿಗೆ ಮಾತ್ರ ಬಂದಿರಲ್ಲ. ‘ಯಾವಾಗ ಕೊಡ್ತೀನಿ ಅಂದಿದ್ರು?’ ಅಂತ ಕೇಳ್ತೀನಿ. ‘ಕಾಫಿ ಆದ್ಮೇಲೆ ಕೊಡ್ತೀನಿ ಅಂದಿದ್ರು ಮೇಡಂ.’ ಯಾವ ಕಾಫಿ? ಅರೇಬಿಕಾನೋ ರೋಬಸ್ಟಾನೋ, ಈ ವರ್ಷದ್ದೋ ಹೋದ ವರ್ಷದ್ದೋ? ಅಲ್ಲಿಗೆ ಮಾತು ನಿಲ್ಲುತ್ತೆ. ಕೊಟ್ಟೋರು ಮೂರು ಕಾಫಿ ಕಾದಿರ್ತಾರೆ. ಕಾನೂನೂ ಅಷ್ಟೇ ಕಾಯೋದು, ಮೂರು ವರ್ಷ, ಅದಾದ್ಮೇಲೆ ಬಾಗ್ಲು ಹಾಕ್ಬಿಡುತ್ತೆ.

ಆ ಮೂರು ವರ್ಷದ ವಿಷಯ ಮೊದ್ಲು ಮುಗಿಸ್ತೀನಿ, ಇದು ತಲೇಲಿ ಕೂರದೆ ದುಡ್ಡು ವಾಪಸ್ ಕೇಳಿ ಕಾಗದ ಬರೆದ್ರೆ ಪ್ರಯೋಜನ ಇಲ್ಲ. 1963 ರ ಲಿಮಿಟೇಷನ್ ಆ್ಯಕ್ಟ್ ಅಂತ ಇದೆ, ಎಷ್ಟು ಕಾಲದೊಳಗೆ ದಾವೆ ಹಾಕ್ಬೇಕು ಅಂತ ಹೇಳೋ ಕಾಯ್ದೆ. ಕೈಸಾಲ ಕೊಟ್ರೆ, ಅದೂ ‘ಕೇಳ್ದಾಗ ಕೊಡ್ತೀನಿ’ ಅನ್ನೋ ಥರದ್ದಾದ್ರೆ, ಲೆಕ್ಕ ಶುರುವಾಗೋದು ನೀವು ಕೇಳಿದ ದಿನದಿಂದ ಅಲ್ಲ, ದುಡ್ಡು ಕೊಟ್ಟ ದಿನದಿಂದ. ಸುಮಾರು ಜನ ಇಲ್ಲೇ ಎಡವೋದು. ಕೇಳಿದ್ರೆ ಕೊಡ್ಬೇಕು ಅನ್ನೋ ಪ್ರೋನೋಟಾದ್ರೆ, ಅಂದ್ರೆ ದುಡ್ಡು ಕೊಡ್ತೀನಿ ಅಂತ ಬರೆದು ಸಹಿ ಮಾಡಿದ ಪತ್ರ ಆದ್ರೆ, ನೋಟಿನ ತಾರೀಕಿಂದ. ಕಾಫಿ, ಮೆಣಸು, ಗೊಬ್ಬರ, ಸಿಮೆಂಟು ಏನೇ ಉದ್ರಿ ಕೊಟ್ಟು ದುಡ್ಡು ಕೊಡೋ ದಿನ ಮಾತಾಡಿಲ್ಲ ಅಂದ್ರೆ ಸರಕು ಇಳಿಸಿದ ದಿನದಿಂದ, ‘60 ದಿನದಲ್ಲಿ ಕೊಡ್ತೀವಿ’ ಅಂತ ಮಾತಾಗಿದ್ರೆ ಆ 60 ದಿನ ಮುಗಿದ್ಮೇಲಿಂದ. ಎದುರಿನೋನು ಕೋರ್ಟಲ್ಲಿ ಬಾಯಿಬಿಟ್ಟು ‘ವಾಯಿದೆ ಮೀರಿದೆ’ ಅಂತ ಹೇಳದಿದ್ರೂ ಜಡ್ಜ್ ತಾವಾಗೇ ನೋಡಿ ಕೇಸ್ ವಜಾ ಮಾಡ್ಬೇಕು ಅಂತ ಅದೇ ಕಾಯ್ದೆ 3 ನೇ ಸೆಕ್ಷನ್ ಹೇಳುತ್ತೆ.

ಇನ್ನೊಂದು ಕಹಿ ವಿಷಯ. ನೀವು ನೋಟೀಸ್ ಕಳ್ಸಿದ್ರೆ ಈ ಮೂರು ವರ್ಷ ಒಂದು ದಿನಾನೂ ಮುಂದಕ್ಕೆ ಹೋಗಲ್ಲ. ‘ನೋಟೀಸ್ ಕೊಟ್ಟಿದ್ದೀನಲ್ಲ’ ಅಂತ ಧೈರ್ಯವಾಗಿ ಮನೇಲಿ ಕೂತೋರನ್ನ ನೋಡಿದ್ದೀನಿ. ಒಬ್ರು ನಾಲ್ಕು ನೋಟೀಸ್ ಕೊಟ್ಟಿದ್ರು, ವರ್ಷಕ್ಕೊಂದು, ಹುತ್ತರಿ ಹಬ್ಬಕ್ಕೆ ಕದಿರು ತಂದ ಹಾಗೆ. ನಾಲ್ಕನೇದನ್ನ ಕೊಡುವಾಗ ವಾಯಿದೆ ಮುಗ್ದು ಎಂಟು ತಿಂಗಳಾಗಿತ್ತು.

ಹಾಗಾದ್ರೆ ಕಾಗದ ಯಾಕೆ ಬರೀಬೇಕು? ನಿಜ ಹೇಳ್ಬೇಕಂದ್ರೆ ಸಾಲದ ದಾವೆಗೆ ಮುಂಚೆ ನೋಟೀಸ್ ಕೊಡ್ಲೇಬೇಕು ಅಂತ ಸಾಮಾನ್ಯವಾಗಿ ಕಡ್ಡಾಯ ಇಲ್ಲ. ಕಡ್ಡಾಯ ಇರೋದು ಚೆಕ್ ಬೌನ್ಸ್ ಕೇಸಿಗೆ, ಮತ್ತೆ ಸರ್ಕಾರದ ಮೇಲೆ ದಾವೆ ಹಾಕೋದಾದ್ರೆ ಸಿವಿಲ್ ಪ್ರೊಸೀಜರ್ ಕೋಡ್ 80 ನೇ ಸೆಕ್ಷನ್ ಪ್ರಕಾರ ಎರಡು ತಿಂಗಳ ನೋಟೀಸು. ಆದ್ರೂ ಬರೀರಿ ಅಂತೀನಿ, ಯಾಕಂದ್ರೆ ಆ ಕಾಗದ ಓದೋನು ನಿಮ್ಮ ಸಾಲಗಾರ ಒಬ್ಬನೇ ಅಲ್ಲ. ಮುಂದೆ ಯಾವತ್ತೋ ಒಂದು ದಿನ ಮಡಿಕೇರಿಲೋ ವಿರಾಜಪೇಟೆಲೋ ಪೊನ್ನಂಪೇಟೆಲೋ ಒಬ್ರು ಜಡ್ಜ್ ಅದನ್ನ ಓದ್ತಾರೆ. ಅವ್ರಿಗೆ ನೀವು ಯಾರು, ಅವನು ನಿಮ್ಗೆ ಏನಾಗ್ಬೇಕು, ಮದುವೆಲಿ ಯಾರು ಯಾರನ್ನ ಕರೀಲಿಲ್ಲ, ಒಂದೂ ಗೊತ್ತಿರಲ್ಲ. ಬರೆಯುವಾಗ ಅವ್ರು ನಿಮ್ಮೆದುರು ಕೂತಿದ್ದಾರೆ ಅಂದ್ಕೊಂಡು ಬರೀರಿ, ಅರ್ಧ ಸಿಟ್ಟು ಹಾಗೇ ಇಳಿದುಹೋಗುತ್ತೆ.

ಈಗ ಒಂದು ಮಾದರಿ ಓದ್ತೀನಿ. ಕನ್ನಡದಲ್ಲೇ ಇದೆ, ಇಂಗ್ಲಿಷಲ್ಲೇ ಇರ್ಬೇಕು ಅಂತ ಯಾವ ಕಾನೂನೂ ಹೇಳಿಲ್ಲ, ಲಾಯರೇ ಕಳಿಸ್ಬೇಕು ಅಂತಾನೂ ಇಲ್ಲ.

‘ದಿನಾಂಕ 05-01-2026. ದಿನಾಂಕ 10-02-2023 ರಂದು ನೀವು ತೋಟದ ಖರ್ಚಿಗೆಂದು ನನ್ನಿಂದ ರೂ. 3,00,000 (ಮೂರು ಲಕ್ಷ ರೂಪಾಯಿ) ಕೈಸಾಲ ಪಡೆದಿದ್ದೀರಿ. ಈ ಹಣವನ್ನು ಅದೇ ದಿನ ನನ್ನ ಬ್ಯಾಂಕ್ ಖಾತೆಯಿಂದ ನಿಮ್ಮ ಖಾತೆಗೆ ಕಳುಹಿಸಿದ್ದೇನೆ. ದಿನಾಂಕ 14-03-2024 ರಂದು ನೀವು ರೂ. 40,000 ಮರಳಿಸಿದ್ದೀರಿ. ಉಳಿದ ರೂ. 2,60,000 ಇಂದಿನವರೆಗೆ ಬಂದಿಲ್ಲ. ಈ ಪತ್ರ ತಲುಪಿದ 15 ದಿನಗಳೊಳಗೆ ಆ ಮೊತ್ತವನ್ನು ಕೆಳಗೆ ಬರೆದಿರುವ ಖಾತೆಗೆ ಪಾವತಿಸಬೇಕು. ತಪ್ಪಿದಲ್ಲಿ ಈ ಪತ್ರದ ದಿನಾಂಕದಿಂದ ಬಡ್ಡಿಯನ್ನೂ ದಾವೆಯ ಖರ್ಚನ್ನೂ ಸೇರಿಸಿ ವಸೂಲಿಗಾಗಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುತ್ತೇನೆ. ಲೆಕ್ಕದಲ್ಲಿ ತಪ್ಪಿದೆ ಎನ್ನಿಸಿದರೆ ನಿಮ್ಮ ಪ್ರಕಾರ ಬಾಕಿ ಎಷ್ಟು ಎಂದು ಇದೇ ಅವಧಿಯೊಳಗೆ ಬರೆದು ತಿಳಿಸಿ.’

ಇಷ್ಟೇ. ಒಂದು ಪುಟ ತುಂಬಲ್ಲ. ಹಿಂದೆ ಕೂತಿರೋ ಅಣ್ಣ ನಗ್ತಿದ್ದಾರೆ, ‘ಇದಕ್ಕಾ ಲಾಯರ್ ಫೀಸು’ ಅಂತಿರ್ಬೇಕು. ಆದ್ರೆ ಇದ್ರಲ್ಲಿರೋ ಒಂದೊಂದು ಸಾಲೂ ಒಂದೊಂದು ಕೆಲ್ಸ ಮಾಡ್ತಿದೆ, ಸ್ವಲ್ಪ ಬಿಡಿಸಿ ನೋಡೋಣ.

ತಾರೀಕು ನೋಡಿ ಮೊದ್ಲು. ಕೊಟ್ಟಿದ್ದು 2023 ರ ಫೆಬ್ರವರಿ 10. ಅಂದ್ರೆ 2026 ರ ಫೆಬ್ರವರಿ 10 ರೊಳಗೆ ದಾವೆ ಕೋರ್ಟಲ್ಲಿ ಬಿದ್ದಿರ್ಬೇಕು. ಜನವರಿ 5 ಕ್ಕೆ ಬರೆದ ಕಾಗದ ನಾಲ್ಕೈದು ದಿನದಲ್ಲಿ ತಲುಪಿತು ಅಂದ್ಕೊಳ್ಳಿ, 15 ದಿನ ಕೊಟ್ರೆ ಜನವರಿ 24 ರ ಹತ್ರ ಆಯ್ತು, ದಾವೆಗೆ ಎರಡು ವಾರದ ಮೇಲೆ ಉಳೀತು. ಅದೇ ನೀವು ದೊಡ್ಡ ಮನಸ್ಸು ಮಾಡಿ ‘ಎರಡು ತಿಂಗಳೊಳಗೆ ಕೊಡಿ’ ಅಂದ್ರೆ? ಅವನು 59 ನೇ ದಿನ ನಗ್ತಾ ಕೂತಿರ್ತಾನೆ, ನಿಮ್ಮ ವಾಯಿದೆ ಮುಗ್ದಿರುತ್ತೆ. ಎಷ್ಟು ದಿನ ಗಡುವು ಕೊಡ್ಬೇಕು ಅನ್ನೋದನ್ನ ನಿಮ್ಮ ಹತ್ರ ಎಷ್ಟು ದಿನ ಉಳಿದಿದೆ ಅಂತ ನೋಡಿ ತೀರ್ಮಾನ ಮಾಡಿ. ಇಷ್ಟು ಕೊನೇವರೆಗೆ ಕಾಯ್ಲೇಬೇಡಿ ಅನ್ನೋದು ಬೇರೆ ಮಾತು.

ಬಡ್ಡಿ ಸಾಲು. ನಮ್ಮಲ್ಲಿ ಕೈಸಾಲ ಕೊಡುವಾಗ ಬಡ್ಡಿ ಮಾತಾಡಕ್ಕೆ ನಾಚಿಕೆ, ನೆಂಟರು, ಪಕ್ಕದ ತೋಟದವ್ರು. ಬಡ್ಡಿ ಮಾತಾಡಿಲ್ಲ, ಕೊಡೋ ದಿನ ಬರಹದಲ್ಲೂ ಇಲ್ಲ ಅಂತಿಟ್ಕೊಳ್ಳಿ. ಆಗ 1978 ರ ಇಂಟರೆಸ್ಟ್ ಆ್ಯಕ್ಟ್ 3 ನೇ ಸೆಕ್ಷನ್ ಪ್ರಕಾರ ದಾವೆ ಹಾಕೋ ಮುಂಚಿನ ಅವಧಿಗೆ ಕೋರ್ಟ್ ಬಡ್ಡಿ ಕೊಡ್ಬೇಕಂದ್ರೆ ‘ಬಡ್ಡಿ ಕೇಳ್ತೀನಿ’ ಅಂತ ನೀವು ಬರಹದಲ್ಲಿ ನೋಟೀಸ್ ಕೊಟ್ಟಿರ್ಬೇಕು, ಅದ್ರಲ್ಲಿ ಹೇಳಿದ ತಾರೀಕಿಂದ ಮಾತ್ರ ಸಿಗುತ್ತೆ, ಅದೂ ಬ್ಯಾಂಕು ಡೆಪಾಸಿಟ್ಟಿಗೆ ಕೊಡೋ ದರದ ಮಿತಿಯೊಳಗೆ. ಅಂದ್ರೆ ಆ ಒಂದು ಸಾಲು ಬರೆದ ದಿನದಿಂದ ಮೀಟರ್ ಓಡುತ್ತೆ, ಬರೀದಿದ್ರೆ ಓಡಲ್ಲ. ಪ್ರೋನೋಟು ಇದ್ದು ಅದ್ರಲ್ಲಿ ದರ ಬರೆದಿಲ್ಲ ಅಂದ್ರೆ ಕಥೆ ಬೇರೆ, 1881 ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆ್ಯಕ್ಟ್ 80 ನೇ ಸೆಕ್ಷನ್ ವರ್ಷಕ್ಕೆ ನೂರಕ್ಕೆ 18 ಅಂತ ಹೇಳಿದೆ. ಪ್ರೋನೋಟಿಗೆ ರೆವಿನ್ಯೂ ಸ್ಟಾಂಪ್ ಅಂಟಿಸಿ ಅದ್ರ ಮೇಲೆ ಸಹಿ ಬೀಳೋ ಹಾಗೆ ಮಾಡಿದ್ದೀರಾ ತಾನೆ? ಸ್ಟಾಂಪಿಲ್ಲದ ಪ್ರೋನೋಟನ್ನ ಕೋರ್ಟು ಸಾಕ್ಷಿಯಾಗಿ ತಗೊಳ್ಳಲ್ಲ.

ಬಡ್ಡಿ ವಿಷಯದಲ್ಲೇ ಒಂದು ಎಚ್ಚರಿಕೆ, ಸಿಟ್ಟಿಗೆ ಕೆಲವರು ‘ನಾನು ಎಲ್ಲರಿಗೂ ಕೊಡೋ ಹಾಗೆ ತಿಂಗಳಿಗೆ ನೂರಕ್ಕೆ ಮೂರರಂತೆ ನಿಮಗೂ ಕೊಟ್ಟಿದ್ದೆ’ ಅಂತ ಬರೆದ್ಬಿಡ್ತಾರೆ. ಅಯ್ಯೋ! ಎಲ್ಲರಿಗೂ ಬಡ್ಡಿಗೆ ಕೊಡೋದು ಅಂದ್ರೆ ಲೇವಾದೇವಿ, ಅದಕ್ಕೆ 1961 ರ ಕರ್ನಾಟಕ ಲೇವಾದೇವಿ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು, ಮೇಲಿಂದ ಮಿತಿಮೀರಿದ ಬಡ್ಡಿ ತಡೆಯೋಕೆ 2004 ರ ಇನ್ನೊಂದು ಕಾಯ್ದೆ ಇದೆ. ನಿಮ್ಮ ಕೈಯಾರೆ, ನಿಮ್ಮ ಖರ್ಚಲ್ಲಿ, ನಿಮ್ಮ ವಿರುದ್ಧ ಸಾಕ್ಷಿ ಬರೆದು ಅವನ ಮನೆಗೇ ಕಳಿಸಿಕೊಟ್ಟ ಹಾಗಾಯ್ತು.

ನನಗೆ ತುಂಬಾ ಇಷ್ಟವಾದ ಸಾಲು ಕೊನೇದು, ‘ನಿಮ್ಮ ಪ್ರಕಾರ ಬಾಕಿ ಎಷ್ಟು ಬರೆದು ತಿಳಿಸಿ’. ಜನ ನೋಟೀಸ್ ಬರೆಯುವಾಗ ಎದುರಿನೋನ ಬಾಯಿ ಮುಚ್ಚಿಸಕ್ಕೆ ನೋಡ್ತಾರೆ, ನಾನು ಬಾಯಿ ಬಿಡಿಸಕ್ಕೆ ನೋಡ್ತೀನಿ. ಲಿಮಿಟೇಷನ್ ಆ್ಯಕ್ಟ್ 18 ನೇ ಸೆಕ್ಷನ್ ಏನು ಹೇಳುತ್ತೆ ಅಂದ್ರೆ, ಮೂರು ವರ್ಷ ಮುಗಿಯೋದ್ರೊಳಗೆ ಸಾಲಗಾರ ‘ಹೌದು ಬಾಕಿ ಇದೆ’ ಅಂತ ಬರಹದಲ್ಲಿ ಒಪ್ಪಿ ಸಹಿ ಹಾಕಿದ್ರೆ ಆ ದಿನದಿಂದ ಹೊಸದಾಗಿ ಮೂರು ವರ್ಷ. ‘ಈಗ ಕೊಡಕ್ಕಾಗಲ್ಲ’ ಅಂದ್ರೂ ಒಪ್ಪಿಗೆನೇ. ಅವನ ಪರವಾಗಿ ಅಧಿಕಾರ ಇರೋ ಏಜೆಂಟು ಸಹಿ ಮಾಡಿದ್ರೂ ನಡೆಯುತ್ತೆ. ಸಿಟ್ಟಲ್ಲಿ ‘2,60,000 ಎಲ್ಲಿಂದ ಬಂತು, ನಾನು ಕೊಡ್ಬೇಕಾಗಿರೋದು ಎರಡೇ ಲಕ್ಷ’ ಅಂತ ಉತ್ತರ ಬರೆದ ಅಂದ್ರೆ ನೀವು ಬೇಜಾರ್ ಮಾಡ್ಕೊಳ್ಬೇಡಿ, ಆ ಕಾಗದ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬೀರುವಲ್ಲಿಡಿ.

ಮಧ್ಯೆ ಕೊಟ್ಟ 40,000 ದ ಬಗ್ಗೆ ಇಲ್ಲಿ ಒಬ್ರು ಚೀಟಿ ಕಳ್ಸಿದ್ದಾರೆ, ‘ಸ್ವಲ್ಪ ದುಡ್ಡು ವಾಪಸ್ ಕೊಟ್ರೆ ಮೂರು ವರ್ಷ ಹೊಸದಾಗಿ ಶುರುವಾಗಲ್ವಾ’ ಅಂತ. ಆಗುತ್ತೆ, 19 ನೇ ಸೆಕ್ಷನ್. ಆದ್ರೆ ಕೊಟ್ಟಿದ್ದಕ್ಕೆ ಕೊಟ್ಟೋನ ಕೈಬರಹನೋ ಸಹಿನೋ ಇರ್ಬೇಕು. ಫೋನಲ್ಲಿ ದುಡ್ಡು ಬಿತ್ತು ಅಂತ ಅದೊಂದನ್ನೇ ನಂಬ್ಕೊಂಡು ಕೂರ್ಬೇಡಿ, ಬಂದ ದಿನಾನೇ ‘ಸಾಲದ ಬಾಬ್ತು 40,000 ಕೊಟ್ಟಿದ್ದೀನಿ, ಬಾಕಿ ಇಷ್ಟು’ ಅಂತ ಒಂದು ಸಾಲು ಬರೆಸಿ ಸಹಿ ತಗೊಳ್ಳಿ. ಅವನು ಕೊಟ್ಟಿದ್ದನ್ನ ಕಾಗದದಲ್ಲಿ ಮರೆಮಾಚಿ ಪೂರ್ತಿ ಮೂರು ಲಕ್ಷ ಕೇಳ್ಬೇಡಿ. ಕೋರ್ಟಲ್ಲಿ ಅವನು ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದ್ರೆ ಆಮೇಲೆ ನೀವು ಹೇಳೋ ನಿಜಾನೂ ಯಾರೂ ನಂಬಲ್ಲ.

ಚೆಕ್ ಇದ್ರೆ ಕಾಗದದ ರೂಪವೇ ಬೇರೆ, ಇಲ್ಲಿ ದಿನದ ಲೆಕ್ಕ ಕತ್ತಿ ಅಂಚು. ಚೆಕ್ ಮೇಲಿರೋ ತಾರೀಕಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕ್ಬೇಕು. ದುಡ್ಡಿಲ್ಲ ಅಂತ ರಿಟರ್ನ್ ಮೆಮೊ ಬಂತು, ಬಂದ 30 ದಿನದೊಳಗೆ ನೋಟೀಸ್. ನೋಟೀಸ್ ತಲುಪಿದ್ಮೇಲೆ ಅವನಿಗೆ 15 ದಿನ ಟೈಮ್, ಆಗಲೂ ಕೊಟ್ಟಿಲ್ಲ ಅಂದ್ರೆ ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಲ್ಲಿ ದೂರು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆ್ಯಕ್ಟಿನ 138 ನೇ ಸೆಕ್ಷನ್ ಅಂತ ನಿಮ್ಗೆಲ್ಲ ಬಾಯಿಪಾಠ ಇದೆ, ಎರಡು ವರ್ಷದವರೆಗೆ ಜೈಲು ಇಲ್ಲಾ ಚೆಕ್ಕಿನ ಎರಡರಷ್ಟರವರೆಗೆ ದಂಡ, ಎರಡೂ ಆಗ್ಬಹುದು. ಆದ್ರೆ ನೋಟೀಸಲ್ಲಿ ಕೇಳೋ ಮೊತ್ತ ಚೆಕ್ಕಿನ ಮೊತ್ತಾನೇ ಆಗಿರ್ಬೇಕು. ಬಡ್ಡಿ, ನೋಟೀಸ್ ಖರ್ಚು ಕೇಳೋದಾದ್ರೆ ಬೇರೆ ಸಾಲಲ್ಲಿ ಬೇರೆಯಾಗಿ ಕೇಳಿ, ಎಲ್ಲ ಕಲಸಿ ಒಂದೇ ಅಂಕಿ ಮಾಡ್ಬೇಡಿ. 2025 ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಕೇಸ್ ಬಂತು, ಚೆಕ್ ಒಂದು ಕೋಟಿದು, ನೋಟೀಸಲ್ಲಿ ಎರಡು ಕೋಟಿ ಅಂತ ಬಿದ್ದಿತ್ತು. ಟೈಪಿಂಗ್ ತಪ್ಪು ಅಂದ್ರು, ಕೋರ್ಟ್ ಒಪ್ಪಲಿಲ್ಲ, ನೋಟೀಸೇ ಊರ್ಜಿತ ಅಲ್ಲ ಅಂತು. ಕೋಟಿ ರೂಪಾಯಿ ಕೇಸು ಒಂದು ಅಂಕಿಯಲ್ಲಿ ಹೋಯ್ತು.

ಇನ್ನು ನಮ್ಮ ಉದಾಹರಣೆಲೇ, ಅವನು ಮೂರು ಲಕ್ಷಕ್ಕೆ ಚೆಕ್ ಕೊಟ್ಟಿದ್ದು ಆಮೇಲೆ 40,000 ವಾಪಸ್ ಕೊಟ್ಟ ಅಂದ್ಕೊಳ್ಳಿ. ಆ ಚೆಕ್ಕನ್ನ ಹಾಗೇ ಮೂರು ಲಕ್ಷಕ್ಕೆ ಬ್ಯಾಂಕಿಗೆ ಹಾಕಿದ್ರೆ 138 ನಿಲ್ಲಲ್ಲ, 2022 ರಲ್ಲಿ ಸುಪ್ರೀಂ ಕೋರ್ಟ್ ಇದನ್ನೂ ಹೇಳಿದೆ. ಬಂದಷ್ಟು ದುಡ್ಡನ್ನ ಚೆಕ್ ಮೇಲೇ ಷರಾ ಬರೆದು ಉಳಿದಿದ್ದಕ್ಕೆ ಹಾಕ್ಬೇಕು, ಅಥ್ವಾ ಬಾಕಿ 2,60,000 ಕ್ಕೆ ಹೊಸ ಚೆಕ್ ಬರೆಸ್ಕೊಳ್ಳಿ, ಅದೇ ಸುಲಭ.

ಈಗ ಅಡ್ರೆಸ್ಸು. ಬೇರೆ ಜಿಲ್ಲೆ ಲಾಯರುಗಳಿಗೆ ಇದು ಒಂದು ನಿಮಿಷದ ಕೆಲ್ಸ, ನಮ್ಗೆ ಅರ್ಧ ದಿನದ್ದು. ನಮ್ಮಲ್ಲಿ ಮನೆ ನಂಬರ್ ಯಾರು ನೋಡಿದ್ದಾರೆ ಹೇಳಿ? ‘ಇಂಥ ಗ್ರಾಮ ಮತ್ತು ಅಂಚೆ’ ಅಂದ್ರೆ ಮುಗೀತು, ಪೋಸ್ಟ್‌ಮ್ಯಾನಿಗೆ ಗೊತ್ತಿರುತ್ತೆ. ಒಂದೇ ಒಕ್ಕದಲ್ಲಿ, ಅಂದ್ರೆ ಒಂದೇ ಮನೆತನದಲ್ಲಿ, ಒಂದೇ ಹೆಸ್ರಿನೋರು ಇಬ್ರು ಇರ್ತಾರೆ, ಒಬ್ರು ಊರಲ್ಲಿ, ಇನ್ನೊಬ್ರು ಮಿಲಿಟರಿಲಿದ್ದು ರಿಟೈರಾಗಿ ಮೈಸೂರಲ್ಲಿ. ಅದಕ್ಕೆ ಮನೆತನದ ಹೆಸ್ರು, ತಂದೆ ಹೆಸ್ರು, ಗ್ರಾಮ, ಅಂಚೆ, ತಾಲ್ಲೂಕು, ಪಿನ್‌ಕೋಡ್ ಎಲ್ಲ ಹಾಕಿ. ಕುಶಾಲನಗರ, ಪೊನ್ನಂಪೇಟೆ ಈಗ ಬೇರೆ ತಾಲ್ಲೂಕು, ಹಳೇ ಪ್ರೋನೋಟಲ್ಲಿ ಸೋಮವಾರಪೇಟೆ, ವಿರಾಜಪೇಟೆ ಅಂತಿರುತ್ತೆ, ನೋಡ್ಕೊಳ್ಳಿ. ಎರಡು ಕಡೆ ಮನೆ ಇದ್ರೆ ಎರಡು ಕಡೆಗೂ ಕಳ್ಸಿ. ಯಾಕಿಷ್ಟು ಹೇಳ್ತೀನಿ ಅಂದ್ರೆ ಸರಿಯಾದ ವಿಳಾಸಕ್ಕೆ ರಿಜಿಸ್ಟರ್ ಮಾಡಿ ಕಳ್ಸಿದ ಕಾಗದ ತಲುಪಿದೆ ಅಂತಲೇ ಕಾನೂನು ಊಹಿಸುತ್ತೆ, 1897 ರ ಜನರಲ್ ಕ್ಲಾಸಸ್ ಆ್ಯಕ್ಟ್ 27. ‘ರೆಫ್ಯೂಸ್ಡ್’ ಅಂತ ಷರಾ ಬರೆಸಿ ವಾಪಸ್ ಕಳಿಸಿದ್ರೂ ಅವನ ಆಟ ನಡೆಯಲ್ಲ. ವಿಳಾಸ ತಪ್ಪಿದ್ರೆ ಮಾತ್ರ ಆಟ ಅವನದು.

ರಿಜಿಸ್ಟರ್ಡ್ ಪೋಸ್ಟ್ ಅಂದ್ರೆ, 2025 ರಲ್ಲಿ ಅಂಚೆ ಇಲಾಖೆ ಅದನ್ನ ಸ್ಪೀಡ್ ಪೋಸ್ಟ್ ಜೊತೆ ಸೇರಿಸ್ಬಿಟ್ಟಿದೆ. ಕೌಂಟರಲ್ಲಿ ಹೋಗಿ ಸ್ಪೀಡ್ ಪೋಸ್ಟಿಗೆ ರಿಜಿಸ್ಟ್ರೇಷನ್ ಸೇರಿಸಿ, ತಲುಪಿದ್ದಕ್ಕೆ ಪುರಾವೆನೂ ಬೇಕು ಅಂತ ಕೇಳಿ. ರಸೀದಿ, ಆನ್‌ಲೈನ್ ಟ್ರ್ಯಾಕಿಂಗ್ ಪ್ರಿಂಟ್, ಕಾಗದದ ನಕಲು ಮೂರನ್ನೂ ಒಟ್ಟಿಗೆ ಪಿನ್ ಮಾಡಿಡಿ. ಜುಲೈ, ಆಗಸ್ಟಲ್ಲಿ ಕಳಿಸೋದಾದ್ರೆ ನಮ್ಮ ಮಳೆ ಗೊತ್ತಲ್ಲ, ನಾಲ್ಕು ದಿನ ಹೆಚ್ಚು ಹಿಡ್ಕೊಳ್ಳಿ.

ಮಳೆ ಅಂದಾಗ ನೆನಪಾಯ್ತು. 2018 ರ ಆಗಸ್ಟಲ್ಲಿ ಮಕ್ಕಂದೂರು ಕಡೆ ಗುಡ್ಡ ಕುಸಿದಾಗ ಮನೆಗಳೇ ಹೋದ್ವು, ಮನೆ ಜೊತೆ ಟ್ರಂಕು, ಟ್ರಂಕಿನ ಜೊತೆ ಆರ್‌ಟಿಸಿ, ಪಾಸ್‌ಬುಕ್, ಪ್ರೋನೋಟು. ಪ್ರೋನೋಟಿನ ತಾರೀಕು, ಮೊತ್ತ, ಸಾಕ್ಷಿಗಳ ಹೆಸ್ರು ಎಲ್ಲ ನಿಮ್ಮ ನೋಟೀಸಲ್ಲಿ ಬರೆದಿದ್ರೆ ಅಸಲು ಕಳೆದಾಗ ಅದೊಂದು ಆಸರೆ ಆಗುತ್ತೆ. ಅಸಲನ್ನ ಮಾತ್ರ ನೋಟೀಸ್ ಜೊತೆ ಕಳಿಸ್ಬೇಡಿ. ಕಳಿಸಿದೋರು ಇದ್ದಾರೆ! ವಾಟ್ಸಾಪಲ್ಲಿ ‘ಕೊಡ್ತೀನಿ ಅಣ್ಣ, ಸ್ವಲ್ಪ ಟೈಮ್ ಕೊಡಿ’ ಅಂತ ಬಂದಿರೋ ಮೆಸೇಜುಗಳೂ ಸಾಕ್ಷಿನೇ, ಆದ್ರೆ ಅದನ್ನ ಕೋರ್ಟಿಗೆ ಕೊಡುವಾಗ 2023 ರ ಭಾರತೀಯ ಸಾಕ್ಷ್ಯ ಅಧಿನಿಯಮದ 63 ನೇ ಸೆಕ್ಷನ್ನಿನ ಸರ್ಟಿಫಿಕೇಟ್ ಬೇಕು, ಅದು ನಿಮ್ಮ ಲಾಯರ್ ನೋಡ್ಕೊಳ್ತಾರೆ, ನೀವು ಫೋನ್ ಬದಲಾಯಿಸುವಾಗ ಆ ಚಾಟ್ ಅಳಿಸ್ಬೇಡಿ ಅಷ್ಟೇ.

ಏನು ಬರೀಬಾರ್ದು ಅನ್ನೋದು ಬೇಗ ಹೇಳ್ತೀನಿ. ‘ಪೊಲೀಸ್ ಕರೆಸ್ತೀನಿ, ಒಳಗೆ ಹಾಕಿಸ್ತೀನಿ’ ಬೇಡ, ಕೈಸಾಲ ಸಿವಿಲ್ ವಿಷಯ, ಪೊಲೀಸ್ರು ವಸೂಲಿ ಏಜೆಂಟರಲ್ಲ. ‘ಮೋಸಗಾರ, ಮನೆತನಕ್ಕೆ ಕಳಂಕ’ ಬೇಡ. ಒಬ್ರು ನೋಟೀಸಿನ ಫೋಟೊ ತೆಗೆದು ಊರಿನ ಗ್ರೂಪಿಗೆ ಹಾಕಿದ್ರು, ನೂರೈವತ್ತು ಜನ ಇರೋ ಗ್ರೂಪು. ಸಾಲ ವಾಪಸ್ ಬರೋದ್ರೊಳಗೆ ಮಾನನಷ್ಟದ ನೋಟೀಸ್ ಬಂತು, ಈಗ ಅವ್ರು ಎರಡು ಲಾಯರ್ ಫೀಸ್ ಕಟ್ತಿದ್ದಾರೆ, ಅದ್ರಲ್ಲಿ ಒಂದು ನನಗೆ.

ಕೇಸ್ ಖರ್ಚಿಗೆ ಹೆದರೋರು ಮಡಿಕೇರಿಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವ್ರಿಗೆ ಆದಾಯ ನೋಡದೆ ಉಚಿತ ವಕೀಲರ ನೆರವು ಇದೆ, ದಾವೆಗೆ ಮುಂಚೆನೇ ಲೋಕ ಅದಾಲತ್ತಲ್ಲಿ ರಾಜಿಗೂ ಇಡ್ಬಹುದು.

ಕೊನೇದಾಗಿ ಮುಂದಿನ ಸಾಲಿನ ಅಕ್ಕ ಕೇಳಿದ್ದು, ‘ಸ್ವಂತ ಭಾವನಿಗೆ ಲಾಯರ್ ನೋಟೀಸ್ ಹೇಗೆ ಕಳಿಸೋದು, ನಾಳೆ ಸಾವು ಮದುವೆಲಿ ಮುಖ ನೋಡ್ಬೇಕಲ್ಲ?’ ಕಳಿಸ್ಬೇಡಿ. ಲೆಟರ್‌ಹೆಡ್ ಬೇಡ, ಸೆಕ್ಷನ್ ಬೇಡ, ನೀವೇ ಕೈಯಲ್ಲಿ ಬರೀರಿ. ನಾಪೋಕ್ಲು ಕಡೆ ಒಬ್ರು ಹಿರೀರು, ಅವ್ರ ಭಾವನಿಗೆ ಕಾಫಿ ಮಾರಿದ ದುಡ್ಡು ಕೊಟ್ಟಿದ್ರು. ನಾನು ಹೇಳಿದ್ದಕ್ಕೆ ಮಗನ ನೋಟ್‌ಬುಕ್ ಹಾಳೇಲಿ ಬರೆದ್ರು, ಹುಷಾರಾಗಿದ್ದೀರಾ, ಈ ಸಲ ಮಳೆ ಹೇಗೆ, ಅಂತೆಲ್ಲ ಕೇಳಿ ಆಮೇಲೆ ಇಂಥ ದಿನ ಇಷ್ಟು ಕೊಟ್ಟಿದ್ದೆ, ನಿಮ್ಮ ಲೆಕ್ಕದಲ್ಲಿ ಎಷ್ಟು ಬಾಕಿ ಬರೆದು ತಿಳಿಸಿ ಅಂತ. ಎರಡು ವಾರಕ್ಕೆ ಅದೇ ಹಾಳೆ ಹಿಂದುಗಡೆ ಉತ್ತರ ಬಂತು, ‘2 ಲಕ್ಷ ಅಲ್ಲ, 1,80,000 ಮಾತ್ರ, ಕಾಫಿ ಆದ್ಮೇಲೆ ಕೊಡ್ತೀನಿ’, ಕೆಳಗೆ ಸಹಿ, ತಾರೀಕು. ಮೂರು ವರ್ಷಕ್ಕೆ ಇನ್ನೂ ಹತ್ತೊಂಬತ್ತು ದಿನ ಇತ್ತು. ಆ ಕಾಫಿ ಆಯ್ತು, ಅದ್ರ ಮುಂದಿನದೂ ಆಯ್ತು, ದುಡ್ಡು ಬರಲಿಲ್ಲ. ದಾವೆ ಹಾಕಿದ್ದೀವಿ. ಆ ನೋಟ್‌ಬುಕ್ ಹಾಳೆಗೆ ಈಗ ನಿ.ಪಿ.1 ಅಂತ, ಅಂದ್ರೆ ಕೋರ್ಟಲ್ಲಿ ನಮ್ಮ ಕಡೆಯ ಮೊದಲ್ನೇ ದಾಖಲೆ ಅಂತ, ನಂಬರ್ ಬಿದ್ದಿದೆ.